ನೈದಿಲೆಯ ಪೆಟ್ಟು

ಹಜಾರದಲ್ಲಿ ಓಡುತ್ತ ಬಂದ ಹುಡುಗನೊಬ್ಬ ಹಾಲಿನ ಪಾತ್ರೆಯನ್ನು ಎಡವಿ ಕೆಡವುತ್ತಾನೆ. ಸದ್ದು ಕೇಳಿ ಒಳಗಿನಿಂದ ಬಂದ ತಾಯಿ ನೆಲದ ಮೇಲೆ ಹರಿಯುತ್ತಿರುವ ಹಾಲನ್ನೂ ಮಗನ ಮುಖವನ್ನೂ ಒಮ್ಮೆ ನೋಡಿ, ‘ಬಹಳ ಚೆನ್ನಾಯಿತು’ ಎನ್ನುತ್ತಾಳೆ. ನಿಘಂಟನ್ನು ತೆರೆದು ನೋಡಿದರೆ ಇದು ಮೆಚ್ಚುಗೆಯ ಮಾತು. ಹುಡುಗ ಮಾತ್ರ ಬಾಗಿಲ ಹಿಂದೆ ಅಡಗುತ್ತಾನೆ. ಅದೇ ತಾಯಿ ಅದೇ ದಿನ ಸಂಜೆ ಅವನು ತಪ್ಪಿಲ್ಲದೆ ಬರೆದ ಕಾಗುಣಿತವನ್ನು ನೋಡಿ ಅದೇ ಮಾತನ್ನು ಆಡಿದರೆ ಅವಳ ಮಡಿಲನ್ನೇ ಏರುತ್ತಾನೆ. ಅಲಂಕಾರಶಾಸ್ತ್ರದ ಗಂಧವೂ ಇಲ್ಲದ ಐದು ವರ್ಷದ ಬಾಲಕ ಎರಡು ಸಲವೂ ಸರಿಯಾಗಿಯೇ ಅರ್ಥಮಾಡಿಕೊಂಡ. ಕಾವ್ಯವನ್ನು ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡ ನಾವು ಕೆಲವರು ಎಷ್ಟೋ ಸಲ ಸರಿಯಾಗಿ ಅರ್ಥಮಾಡಿಕೊಳ್ಳಲಿಲ್ಲ. ಇಂದಿನ ಮಾತು ಅದನ್ನು ಕುರಿತದ್ದು.

ತಾಯಿಯ ಆ ಮಾತಿನಲ್ಲಿರುವುದಕ್ಕೆ ನಮ್ಮ ಪ್ರಾಚೀನರು ಕಾಕು ಎಂದು ಹೆಸರಿಟ್ಟಿದ್ದಾರೆ. ಆಡುವಾಗ ದನಿಯಲ್ಲಿ ಉಂಟಾಗುವ, ಅರ್ಥವನ್ನೇ ಪಲ್ಲಟಗೊಳಿಸಬಲ್ಲ ವಿಕಾರವೇ ಕಾಕು. ಭರತನ ನಾಟ್ಯಶಾಸ್ತ್ರದಲ್ಲಿ ಇದರ ವಿಚಾರ ಬರುತ್ತದೆ. ನಟನಿಗೆ ಅದು ಬೇಕೇ ಬೇಕಷ್ಟೆ. ಆಲಂಕಾರಿಕರಲ್ಲಿ ರುದ್ರಟನು ಕಾಕುವಕ್ರೋಕ್ತಿಯನ್ನು ಶಬ್ದಾಲಂಕಾರಗಳ ಸಾಲಿಗೆ ಸೇರಿಸಿದ. ಅವನ ತರುವಾಯ ಬಂದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಇದನ್ನು ಒಪ್ಪಲಿಲ್ಲ. ಕಾಕು ಎಂಬುದು ಓದುವಿಕೆಯ ಧರ್ಮ, ಅದಕ್ಕೆ ಒಂದು ಅಭಿಪ್ರಾಯವಿರುತ್ತದೆ, ಅದು ಅಲಂಕಾರವಾಗುವುದಾದರೂ ಹೇಗೆ ಎಂದು ಅವನ ತಕರಾರು. ವಿದ್ಯಾರ್ಥಿದೆಸೆಯಲ್ಲಿ ನನಗೆ ಈ ಜಗಳ ಬಹಳ ಸಣ್ಣದಾಗಿ ಕಂಡಿತ್ತು. ಒಂದು ವಸ್ತುವನ್ನು ಈ ಗೂಡಿನಲ್ಲಿ ಇಡಬೇಕೋ ಆ ಗೂಡಿನಲ್ಲಿ ಇಡಬೇಕೋ ಎಂಬ ವಿವಾದ ಎಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಅಲಂಕಾರ ಪದ್ಯದಲ್ಲಿ ಬರೆದಿರುತ್ತದೆ, ಬೆರಳಿಟ್ಟು ತೋರಿಸಬಹುದು. ಕಾಕು ಬರೆದಿರುವುದಿಲ್ಲ. ಓದುವವನು ಅದನ್ನು ತನ್ನ ಗಂಟಲಿನಿಂದ ಕೊಡಬೇಕು. ಕೊಡುವ ಮೊದಲು ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ ಆಡಿದ ಮಾತಿದು ಎಂದು ತಿಳಿಯಬೇಕು. ರಾಜಶೇಖರ ಎತ್ತಿ ಹೇಳಿದ್ದು ಈ ಹೊಣೆಯನ್ನು.

ಇಂಗ್ಲೆಂಡಿನ ವಿಮರ್ಶಕ ಐ.ಎ. ರಿಚರ್ಡ್ಸ್ 1929ರಲ್ಲಿ ಪ್ರಕಟಿಸಿದ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಮ್’ ಎಂಬ ಗ್ರಂಥದಲ್ಲಿ ಒಂದು ಮಾತಿಗೆ ನಾಲ್ಕು ಬಗೆಯ ಅರ್ಥಗಳಿರುತ್ತವೆ ಎಂದ. ವಿಷಯ, ವಿಷಯದ ಬಗ್ಗೆ ಆಡುವವನ ಭಾವ, ಕೇಳುವವನ ಬಗ್ಗೆ ಆಡುವವನು ತಳೆದ ನಿಲುವು, ಹಾಗೂ ಉದ್ದೇಶ. ಮೂರನೆಯದನ್ನು ಅವನು ‘ಟೋನ್’ ಎಂದು ಕರೆದ. ಕವಿಗಳ ಹೆಸರನ್ನು ಮರೆಮಾಡಿ ಕೇಂಬ್ರಿಜ್ಜಿನ ವಿದ್ಯಾರ್ಥಿಗಳ ಕೈಗೆ ಕವಿತೆಗಳನ್ನು ಕೊಟ್ಟು, ಅವರು ಬರೆದುಕೊಟ್ಟ ಅಭಿಪ್ರಾಯಗಳನ್ನು ಅವನು ಪರೀಕ್ಷಿಸಿದ ಕಥೆ ಪ್ರಸಿದ್ಧವಾದದ್ದು. ಒಳ್ಳೆಯ ವಿದ್ಯಾಭ್ಯಾಸ ಪಡೆದವರೂ ಎಡವಿದರೆಂಬುದು ಆ ಗ್ರಂಥದಿಂದ ಹೊರಟ ಸಂಗತಿ. ನನಗೆ ಅಚ್ಚರಿಯೇನೂ ಆಗಲಿಲ್ಲ. ಏಕೆಂದರೆ ಅಂಥ ಓದುಗರಲ್ಲಿ ನಾನೂ ಒಬ್ಬ.

ನಾನು ಅಧ್ಯಾಪಕನಾಗಿದ್ದ ದಿನಗಳಲ್ಲಿ ಪ್ರಶ್ನಪತ್ರಿಕೆಯ ಒಂದು ಭಾಗಕ್ಕೆ ಸಾವಿಲ್ಲವೆಂದೇ ತೋರುತ್ತಿತ್ತು. ಪದ್ಯವೊಂದನ್ನು ಕೊಡುವುದು, ಅಲಂಕಾರವನ್ನು ಹೆಸರಿಸಿ ಲಕ್ಷಣವನ್ನು ಸಮನ್ವಯಗೊಳಿಸಿರಿ ಎನ್ನುವುದು. ಹೆಸರಿಗೆ ಒಂದು ಅಂಕ, ಲಕ್ಷಣಕ್ಕೆ ಎರಡು, ಸಮನ್ವಯಕ್ಕೆ ಎರಡು. ತಿದ್ದುವುದಕ್ಕೆ ಇದಕ್ಕಿಂತ ಸುಲಭವಾದ ಉತ್ತರ ಮತ್ತೊಂದಿಲ್ಲ. ಅಲಂಕಾರಗಳ ಹೆಸರನ್ನು ಕಲಿಯುವುದು ವ್ಯರ್ಥವೆಂದು ನಾನು ಹೇಳುವುದಿಲ್ಲ. ಹೊಸಬರಲ್ಲಿ ಕೆಲವರು ಹಾಗೆ ಹೇಳುವುದನ್ನು ಕೇಳಿದ್ದೇನೆ, ಅದು ಸೋಮಾರಿತನದ ಮಾತು. ಹೆಸರು ತಿಳಿಯದವನಿಗೆ ಪರಂಪರೆ ತಿಳಿಯುವುದಿಲ್ಲ. ಪರಂಪರೆ ತಿಳಿಯದವನಿಗೆ ಕವಿ ಅದನ್ನು ಎಲ್ಲಿ ಓರೆಮಾಡಿದನೆಂಬುದು ಕಾಣಿಸುವುದಿಲ್ಲ. ಇದಕ್ಕೆ ಒಂದೇ ಅಲಂಕಾರದ ಮೂರು ಪ್ರಯೋಗಗಳನ್ನು ತಮ್ಮ ಮುಂದಿಡುತ್ತೇನೆ.

ಸೌಕುಮಾರ್ಯದ ಅತಿಶಯೋಕ್ತಿ ನಮ್ಮ ಕಾವ್ಯಗಳಲ್ಲಿ ಬಹಳ ಹಳೆಯದು. ಹೂವು ತಾಗಿದರೂ ನೋಯುವ ಮೈ ಎಂಬ ವರ್ಣನೆಯನ್ನು ಕೇಳದವರಿಲ್ಲ. ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ಅದು ವರ್ಣನೆಯಾಗಿ ಉಳಿಯದೆ ಘಟನೆಯೇ ಆಗಿಬಿಡುತ್ತದೆ. ನಾರದನ ವೀಣೆಯ ಮೇಲಿದ್ದ ದಿವ್ಯಪುಷ್ಪಮಾಲೆ ಗಾಳಿಗೆ ಜಾರಿ, ಉದ್ಯಾನದಲ್ಲಿ ಗಂಡನೊಡನೆ ವಿಹರಿಸುತ್ತಿದ್ದ ಇಂದುಮತಿಯ ಎದೆಯ ಮೇಲೆ ಬೀಳುತ್ತದೆ, ಆಕೆ ಪ್ರಾಣಬಿಡುತ್ತಾಳೆ. ಆಮೇಲೆ ಅಜನ ವಿಲಾಪ. ಹೂವೂ ಕೊಲ್ಲಬಲ್ಲದಾದರೆ ವಿಧಿಗೆ ಆಯುಧವಾಗದ ವಸ್ತು ಯಾವುದು ಎಂಬ ದಿಕ್ಕಿನಲ್ಲಿ ಅವನ ದುಃಖ ಹರಿಯುತ್ತದೆ. ಅಲ್ಲಿ ಅತಿಶಯೋಕ್ತಿಯ ಹಿಂದೆ ಇರುವ ದನಿ ಶೋಕದ್ದು. ಮಾತಿಗೂ ಮನಸ್ಸಿಗೂ ನಡುವೆ ಕೂದಲೆಳೆಯ ಅಂತರವೂ ಇಲ್ಲ.

ಎರಡನೆಯದು ಗದ್ಯ. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ರಾಜನು ಸುಕುಮಾರನನ್ನು ನೋಡಲು ಮನೆಗೆ ಬರುತ್ತಾನೆ. ಮಂಗಳಕ್ಕೆಂದು ಚೆಲ್ಲಿದ ಸಾಸಿವೆಯ ಕಾಳುಗಳು ಒತ್ತುವುದರಿಂದ ಸುಕುಮಾರ ಕುಳಿತಲ್ಲಿ ಕುಳಿತಿರಲಾರದೆ ಅತ್ತಿತ್ತ ಸರಿಯುತ್ತಾನೆ. ದೀಪದ ಬೆಳಕಿಗೆ ಅವನ ಕಣ್ಣಿನಲ್ಲಿ ನೀರು. ರಾಜನಿಗೆ ಇವೆಲ್ಲ ರೋಗಗಳಂತೆ ಕಾಣುತ್ತವೆ. ಚಿಕಿತ್ಸೆ ಮಾಡಿಸಬಾರದೇ ಎಂಬ ಧಾಟಿಯಲ್ಲಿ ಅವನು ವಿಚಾರಿಸಿದರೆ, ತಾಯಿ ಅದು ರೋಗವಲ್ಲ, ಸೌಕುಮಾರ್ಯ ಎಂದು ವಿವರಿಸಬೇಕಾಗುತ್ತದೆ. ನಗೆ ಬರುವ ಸಂದರ್ಭ. ಕಥೆ ಹೇಳುವವನು ಮಾತ್ರ ನಗುವುದಿಲ್ಲ; ಸಾಸಿವೆಯ ಕಾಳು ಒತ್ತಿತು ಎನ್ನುವುದನ್ನು ಊಟಕ್ಕೆ ಕುಳಿತರು ಎನ್ನುವಷ್ಟೇ ಸಮವಾದ ದನಿಯಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಅವನು ಯಾಕೆ ನಗಲಿಲ್ಲವೆಂಬುದು ಕಥೆಯ ಕೊನೆಯಲ್ಲಿ ತಿಳಿಯುತ್ತದೆ. ಅದೇ ಸುಕುಮಾರ ಬಟ್ಟೆಗಳನ್ನು ಗಂಟುಹಾಕಿ ಉಪ್ಪರಿಗೆಯಿಂದ ಇಳಿದು ಕಾಡಿಗೆ ಹೋಗುತ್ತಾನೆ. ನೆಲವನ್ನೇ ಮೆಟ್ಟದ ಪಾದ ಒಡೆದು ನೆತ್ತರು ಸುರಿಯುತ್ತದೆ. ಆ ನೆತ್ತರ ಜಾಡು ಹಿಡಿದು ಮರಿಗಳೊಡನೆ ಬಂದ ಹೆಣ್ಣುನರಿಯೊಂದು ಧ್ಯಾನದಲ್ಲಿರುವ ಅವನನ್ನು ಕಾಲಿನಿಂದ ಮೊದಲುಗೊಂಡು ದಿನದಿನಕ್ಕೆ ಮೇಲೇರುತ್ತ ತಿನ್ನುತ್ತದೆ. ಇದನ್ನೂ ಗದ್ಯಕಾರ ಅದೇ ದನಿಯಲ್ಲಿ ಹೇಳುತ್ತಾನೆ. ಉಪಮೆಯಿಲ್ಲ, ಉದ್ಗಾರವಿಲ್ಲ. ಮೊದಲು ಸಾಸಿವೆಯ ಕಾಳಿಗೆ ದನಿಯೇರಿಸಿದ್ದರೆ ಈಗ ನರಿಯ ಹಲ್ಲಿಗೆ ಇನ್ನೂ ಏರಿಸಬೇಕಾಗುತ್ತಿತ್ತು; ಏರಿಸಿದ್ದರೆ ಕಥೆ ಕೆಡುತ್ತಿತ್ತು. ಗದ್ಯದಲ್ಲಿ ಅಲಂಕಾರ ಕಡಮೆಯೆಂದ ಮಾತ್ರಕ್ಕೆ ದನಿಯ ಕೆಲಸವೂ ಕಡಮೆಯೆಂದು ತಿಳಿಯಬಾರದೆಂಬುದಕ್ಕೆ ಕನ್ನಡದ ಈ ಪ್ರಾಚೀನ ಗದ್ಯಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮೂರನೆಯದು ಜನ್ನನದು. 1209ರಲ್ಲಿ ಮುಗಿದ ‘ಯಶೋಧರ ಚರಿತೆ’ ಬಹುಮಟ್ಟಿಗೆ ಕಂದಪದ್ಯಗಳಲ್ಲೇ ನಡೆಯುವ, ನಾಲ್ಕು ಅವತಾರಗಳ ಪುಟ್ಟ ಕಾವ್ಯ. ಉಜ್ಜಯಿನಿಯ ಯಶೋಧರ ರಾಜನ ಪತ್ನಿ ಅಮೃತಮತಿ. ಒಂದು ರಾತ್ರಿ ಆನೆಯ ಸಾಲೆಯ ಕಡೆಯಿಂದ ಹಾಡೊಂದು ಬರುತ್ತದೆ. ಹಾಡಿದವನನ್ನು ನೋಡದೆಯೇ ರಾಣಿ ಆ ಕಂಠಕ್ಕೆ ಸೋಲುತ್ತಾಳೆ. ನೋಡಿ ಬರಲು ಹೋದ ಸಖಿ ಅಷ್ಟಾವಂಕನ ವಿಕಾರವಾದ ಮೈಯನ್ನು ಕಂಡು ಬಂದು ಒಂದೊಂದೇ ಅಂಗವನ್ನು ಪರಿಹಾಸ್ಯ ಮಾಡುತ್ತ ವರ್ಣಿಸುತ್ತಾಳೆ. ಒಲಿದವರಿಗೆ ರೂಪದ ಹಂಗೇನು ಎಂಬುದು ರಾಣಿಯ ಉತ್ತರ. ಅಲ್ಲಿಂದ ಮುಂದೆ ಅವಳು ರಾತ್ರಿ ರಾತ್ರಿ ಅವನಲ್ಲಿಗೆ ಹೋಗತೊಡಗುತ್ತಾಳೆ. ಸಂದೇಹಗೊಂಡ ರಾಜ ಒಂದು ರಾತ್ರಿ ಕತ್ತಿ ಹಿಡಿದು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಅಷ್ಟಾವಂಕ ಅವಳನ್ನು ಹೊಡೆಯುವುದನ್ನೂ, ಅವಳು ಅವನ ಕಾಲಿಗೆ ಬಿದ್ದು ಬೇಡುವುದನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿ ಮೇಲೇಳುತ್ತದೆ; ಇಂಥವರ ಮೇಲೆ ಬೀಳಬೇಕಾದ ಕತ್ತಿಯೇ ಇದು ಎಂದು ತಡೆದು ಹಿಂದಿರುಗುತ್ತಾನೆ.

ಮರುದಿನ ಬೆಳಗ್ಗೆ ಸರಸದ ನೆವದಲ್ಲಿ ರಾಜ ಅವಳನ್ನು ನೈದಿಲೆಯ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಶೈತ್ಯೋಪಚಾರವಾಗುತ್ತದೆ. ಅವಳು ಕಣ್ಣು ತೆರೆದಾಗ ರಾಜನೆನ್ನುವ ಮಾತಿನ ಅಭಿಪ್ರಾಯ ಇಷ್ಟೇ: ಹೂವಿನ ಪೆಟ್ಟಿಗೇ ಸಾವು ಬರಲಿತ್ತು, ಪುಣ್ಯದಿಂದ ಉಳಿದುಕೊಂಡೆ.

ಇಂದುಮತಿ ನಿಜವಾಗಿ ಸತ್ತಳು. ಸುಕುಮಾರನಿಗೆ ನಿಜವಾಗಿ ನೋವಾಯಿತು. ಅಮೃತಮತಿ ಸಾಯಲೂ ಇಲ್ಲ, ಅವಳಿಗೆ ನೋಯಲೂ ಇಲ್ಲ. ನಿನ್ನೆ ರಾತ್ರಿ ಬಿದ್ದ ಪೆಟ್ಟುಗಳನ್ನು ತಾಳಿಕೊಂಡ ಮೈ ಅದು. ಅಲಂಕಾರ ಮೂರು ಕಡೆಯೂ ಒಂದೇ. ಜನ್ನ ಮಾಡಿದ್ದೇನೆಂದರೆ, ಕಾವ್ಯಪರಂಪರೆಯ ಒಂದು ಸವೆದ ನಾಣ್ಯವನ್ನು ಪಾತ್ರದ ಕೈಗೇ ಕೊಟ್ಟು ಚಲಾಯಿಸಿದ್ದು. ರಾಣಿ ಅತಿಶಯೋಕ್ತಿಯನ್ನು ನಟಿಸುತ್ತಾಳೆ. ರಾಜ ಅದನ್ನು ನಂಬಿದಂತೆ ನಟಿಸುತ್ತಾನೆ. ಹೂವಿಗೆ ನೋಯುವ ನಾಯಿಕೆಯರ ಸಾಲೇ ನಮ್ಮ ನೆನಪಿನಲ್ಲಿ ಇಲ್ಲದಿದ್ದರೆ ಈ ನಟನೆಯ ಹರಿತ ನಮಗೆ ತಾಗುತ್ತಿರಲಿಲ್ಲ.

ಈ ಭಾಗವನ್ನು ನಾನು ಹಲವಾರು ವರ್ಷ ಪಾಠಮಾಡಿದೆ. ರಾಜನ ಮಾತನ್ನು ವ್ಯಂಗ್ಯದ ದನಿಯಲ್ಲಿ, ತುಟಿಯನ್ನು ಸ್ವಲ್ಪ ಓರೆಮಾಡಿ ಓದುತ್ತಿದ್ದೆ, ತರಗತಿ ನಗುತ್ತಿತ್ತು. ಒಂದು ವರ್ಷ ಆ ಪದ್ಯವನ್ನು ಓದಲು ಒಬ್ಬ ವಿದ್ಯಾರ್ಥಿನಿಗೆ ಹೇಳಿದೆ. ಆಕೆ ಅದನ್ನು ಮೆಲ್ಲಗೆ, ದುಃಖದ ದನಿಯಲ್ಲಿ ಓದಿದಳು. ನಾನು ತಡೆದು, ‘ಇದು ಕೊಂಕು, ಕೊಂಕನ್ನು ಕೊಂಕಿನಂತೆಯೇ ಓದಬೇಕು’ ಎಂದು ಹೇಳಿ ನನ್ನ ಎಂದಿನ ಧಾಟಿಯಲ್ಲಿ ಓದಿ ತೋರಿಸಿದೆ. ತರಗತಿ ನಕ್ಕಿತು. ಆಕೆ ಕುಳಿತುಕೊಳ್ಳದೆ, ‘ಆದರೆ ಸಾರ್, ಇದನ್ನು ಹೇಳುತ್ತಿರುವಾಗ ಅವನು ಸತ್ತುಹೋಗಿ ಬಹಳ ಕಾಲವಾಗಿದೆಯಲ್ಲ?’ ಎಂದಳು. ಮತ್ತೆ ನಗು, ಈ ಸಲ ನಾನೂ ನಕ್ಕೆ. ಆ ವರ್ಷವೆಲ್ಲ ಅವಳು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಅವಳ ಪ್ರಶ್ನೆಗೆ ನಾನು ಉತ್ತರ ಹುಡುಕಿದ್ದು ಬಹಳ ವರ್ಷಗಳ ಮೇಲೆ. ಆ ಪ್ರಶ್ನೆ ಎಷ್ಟು ನೇರವಾಗಿತ್ತೆಂದರೆ ಕಾವ್ಯದ ಮೊದಲ ಅವತಾರವನ್ನು ಓದಿದ ಯಾರಿಗಾದರೂ ಹೊಳೆಯಬೇಕಾಗಿತ್ತು. ಯಶೋಧರನ ಕಥೆಯನ್ನು ಜನ್ನ ನಮಗೆ ನೇರವಾಗಿ ಹೇಳುವುದಿಲ್ಲ. ರಾಜಪುರದ ಮಾರಿದತ್ತ ರಾಜನು ಚಂಡಮಾರಿಯ ಗುಡಿಯಲ್ಲಿ ಬಲಿಕೊಡಲು ಇಬ್ಬರು ಮಕ್ಕಳನ್ನು ಹಿಡಿದು ತರಿಸಿದ್ದಾನೆ: ಅಭಯರುಚಿ ಮತ್ತು ಅವನ ತಂಗಿ ಅಭಯಮತಿ. ಎದುರಿಗೆ ಕತ್ತಿ ಇದೆ. ಆ ಮಕ್ಕಳ ಮುಖದಲ್ಲಿ ಭಯವಿಲ್ಲದ್ದನ್ನು ಕಂಡು ರಾಜ ಬೆರಗಾಗಿ ಕೇಳಿದ್ದಕ್ಕೆ ಅಭಯರುಚಿ ಹೇಳುವ ಪೂರ್ವಜನ್ಮಗಳ ವೃತ್ತಾಂತವೇ ಈ ಕಥೆ. ಹಿಂದೊಂದು ಜನ್ಮದಲ್ಲಿ ಯಶೋಧರನಾಗಿದ್ದವನು ಅವನೇ. ಅದಾದ ಮೇಲೆ ಪ್ರಾಣಿಜನ್ಮಗಳನ್ನು ಹಾಯ್ದು, ಒಂದೊಂದರಲ್ಲೂ ಕೊಲೆಯಾಗಿ, ಈಗ ಬಾಲಕನಾಗಿ ಬಲಿಪೀಠದ ಮುಂದೆ ನಿಂತಿದ್ದಾನೆ.

ಹಾಗಾದರೆ ಹೂವಿನ ಪೆಟ್ಟಿನ ಆ ಒಂದು ಮಾತನ್ನು ಯಾರು ಯಾರಿಗೆ ಆಡುತ್ತಿದ್ದಾರೆ? ಉಜ್ಜಯಿನಿಯ ಅಂತಃಪುರದಲ್ಲಿ ರಾಜ ರಾಣಿಗೆ ಆಡುತ್ತಿದ್ದಾನೆ. ಅಲ್ಲಿ ಅದು ಕೊಂಕು, ನಾನು ಓದುತ್ತಿದ್ದುದರಲ್ಲಿ ಅಷ್ಟು ಮಾತ್ರ ಸರಿ. ರಾಜಪುರದ ಗುಡಿಯಲ್ಲಿ ಬಾಲಕ ಮಾರಿದತ್ತನಿಗೆ ಅದೇ ಮಾತನ್ನು ಒಪ್ಪಿಸುತ್ತಿದ್ದಾನೆ. ಅಲ್ಲಿ ಅದು ಕೊಂಕಾಗಲಾರದು. ತನ್ನದೇ ಹಳೆಯ ಅಹಂಕಾರವನ್ನು, ಹೆಂಡತಿಯೊಡನೆ ನೇರವಾಗಿ ಒಂದು ಮಾತನ್ನೂ ಆಡದೆ ಜಾಣತನದ ಮರೆಯಲ್ಲಿ ನಿಂತ ಆ ಬೆಳಗನ್ನು, ದೂರದಿಂದ ನೋಡುತ್ತಿರುವವನ ದನಿ ಅದು. ಇನ್ನು ಜನ್ನ ನಮಗೆ ಹೇಳುತ್ತಿದ್ದಾನಲ್ಲ, ಅವನ ದನಿ ಬೇರೆ: ಕಂದಪದ್ಯದ ನಾಲ್ಕು ಸಾಲಿನಲ್ಲಿ ಯಾರ ಪರವನ್ನೂ ವಹಿಸದೆ ತಟಸ್ಥನಾಗಿ ನಿಲ್ಲುವ ದನಿ. ಒಂದೇ ಮಾತು, ಮೂವರು ಕೇಳುಗರು. ಕೇಳುಗನ ಬಗೆಗಿನ ನಿಲುವೇ ದನಿಯಾದರೆ ಇಲ್ಲಿ ದನಿಗಳು ಮೂರು. ಮೇಲಿನದೊಂದನ್ನೇ ಕೇಳಿ ನಾನು ನಕ್ಕಿದ್ದೆ; ಆಕೆ ಎರಡನೆಯದನ್ನು ಕೇಳಿಸಿಕೊಂಡಿದ್ದಳು.

ರಾಜನ ಈ ಜಾಣತನ ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮುಖದ ಮ್ಲಾನತೆಯನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ತಾಯಿಗೆ ಇಂಥದನ್ನು ಹೇಗೆ ಹೇಳುವುದು? ಯಶೋಧರ ಕಂಡ ಸತ್ಯವನ್ನು ಕಂಡ ಕನಸನ್ನಾಗಿ ಮಾಡಿ, ಮೇಲಾದದ್ದು ಕೀಳಾದುದನ್ನು ಹೋಗಿ ಸೇರಿದ ಹಾಗೆ ಕಂಡೆನೆಂದು ಹೇಳುತ್ತಾನೆ. ಪರೀಕ್ಷೆಯಲ್ಲಿ ಕೇಳಿದರೆ ಅನ್ಯೋಕ್ತಿಯೆಂದು ಬರೆದು ಅಂಕ ಪಡೆಯಬಹುದು. ಚಂದ್ರಮತಿ ಮಾತ್ರ ಮಗನ ದನಿಯನ್ನು ಕೇಳಲಿಲ್ಲ, ಕನಸನ್ನು ಕೇಳಿದಳು. ಕೆಟ್ಟ ಕನಸಿಗೆ ಶಾಂತಿಯಾಗಬೇಕು, ದೇವಿಗೆ ಬಲಿ ಕೊಡಬೇಕು ಎಂದಳು. ಮಗ ಹಿಂಸೆಗೆ ಒಪ್ಪಲಿಲ್ಲ, ತಾಯಿ ಬಿಡಲಿಲ್ಲ, ಕೊನೆಗೆ ಇಬ್ಬರೂ ಒಪ್ಪಿದ್ದು ಹಿಟ್ಟಿನ ಕೋಳಿಗೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗಿತು. ಅದರೊಳಗೆ ಬೆಂತರವೊಂದು ಸೇರಿಕೊಂಡಿತ್ತೆಂದು ಕಥೆ. ಸಂಕಲ್ಪದಿಂದ ಮಾಡಿದ ಆ ಹಿಂಸೆಗಾಗಿಯೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲಬೇಕಾಯಿತು.

ಜೈನಧರ್ಮದ ಅಹಿಂಸಾತತ್ತ್ವಕ್ಕೆ ಈ ಕಥೆ ದೃಷ್ಟಾಂತವೆಂಬುದು ಸರಿಯೇ. ಕವಿಯ ಉದ್ದೇಶವೂ ಅದೇ. ಆದರೂ ಈ ಇಳಿವಯಸ್ಸಿನಲ್ಲಿ ಓದುವಾಗ ನನ್ನ ಮನಸ್ಸು ನಿಲ್ಲುವುದು ಕೋಳಿಯ ಹತ್ತಿರವಲ್ಲ, ತಾಯಿ ಮಗನ ಆ ಸಂಭಾಷಣೆಯ ಹತ್ತಿರ. ಅವನು ಮರೆಮಾಡಿ ಆಡಿದ. ಅವಳು ಅಕ್ಷರಶಃ ಕೇಳಿದಳು. ಕಥೆಯ ಅನರ್ಥವೆಲ್ಲ ಆ ಸಂದಿಯಿಂದ ಹುಟ್ಟಿತು. ಈ ಕಾವ್ಯದ ತುಂಬ ಕಿವಿಯ ಕಥೆಯೇ ಇದೆಯೆಂದು ಈಗ ನನಗೆ ತೋರುತ್ತದೆ. ಕಂಠವನ್ನು ಕೇಳಿ ರಾಣಿ ಕೆಟ್ಟಳು. ಕೂಗಬಾರದ ಕೋಳಿ ಕೂಗಿತು. ಕೊನೆಗೆ ತಾಯಿ ಮಗ ನಿಜವಾದ ಕೋಳಿಗಳಾಗಿ ಹುಟ್ಟಿ ಕೂಗಿದಾಗ ಯಶೋಧರನ ಮಗ ಯಶೋಮತಿಯೇ ಶಬ್ದವೇಧಿಯ ಚಮತ್ಕಾರ ತೋರಿಸಲು ದನಿ ಬಂದ ದಿಕ್ಕಿಗೆ ಬಾಣ ಬಿಟ್ಟು ಅವನ್ನು ಕೊಂದ. ದನಿಯನ್ನು ಗುರಿಯಾಗಿ ಕೇಳಿಸಿಕೊಂಡ, ದನಿಯಾಗಿ ಕೇಳಿಸಿಕೊಳ್ಳಲಿಲ್ಲ. ಇದನ್ನೆಲ್ಲ ಜನ್ನ ಬೇಕೆಂದೇ ಹೆಣೆದನೇ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಕಥೆ ಅವನಿಗಿಂತ ಹಿಂದಿನದು. ಕಾವ್ಯದಲ್ಲಿ ಇದೆ ಎಂದಷ್ಟೇ ಹೇಳುತ್ತೇನೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು 1980ರಲ್ಲಿ ‘ಹಿಟ್ಟಿನ ಹುಂಜ’ವೆಂಬ ನಾಟಕವನ್ನಾಗಿ ಮಾಡಿದರು. ರಂಗದ ಮೇಲೆ ನಟರು ಒಂದೊಂದು ಮಾತಿಗೂ ಒಂದು ದನಿಯನ್ನು ಆರಿಸಿಕೊಳ್ಳಲೇಬೇಕಷ್ಟೆ. ನಮ್ಮಂತೆ ಅಲಂಕಾರದ ಹೆಸರು ಹೇಳಿ ಪಾರಾಗುವ ಅನುಕೂಲ ಅವರಿಗಿಲ್ಲ.

ಚಂದ್ರಮತಿಯನ್ನು ದೂರುವ ಅಧಿಕಾರ ನನಗಿಲ್ಲವೆಂಬುದಕ್ಕೆ ಒಂದು ಸ್ವಂತ ಸಂಗತಿಯನ್ನು ಹೇಳಬೇಕಾಗಿದೆ. ಆನಂದವರ್ಧನನ ‘ಧ್ವನ್ಯಾಲೋಕ’ದ ಮೊದಲ ಉದ್ಯೋತದಲ್ಲಿ ಎರಡು ಪ್ರಾಕೃತ ಗಾಹೆಗಳು ಬರುತ್ತವೆ. ಒಂದರಲ್ಲಿ ‘ಬಾ’ ಎಂಬಂಥ ಮಾತು; ವ್ಯಂಗ್ಯಾರ್ಥ ‘ಬರಬೇಡ’ ಎಂದು. ಇನ್ನೊಂದರಲ್ಲಿ ಬೇಡವೆಂಬ ಮಾತು, ವ್ಯಂಗ್ಯಾರ್ಥ ಬರಬೇಕೆಂದು. ವಿಧಿಯಲ್ಲಿ ನಿಷೇಧ, ನಿಷೇಧದಲ್ಲಿ ವಿಧಿ ಎಂದು ನಾವು ಕಲಿಸುತ್ತಿದ್ದ ಪಾಠ ಇದೇ. 1986ರ ಬೇಸಿಗೆಯಲ್ಲಿ, ಈ ಪಾಠವನ್ನು ಮುಗಿಸಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ, ಹಳ್ಳಿಯಲ್ಲಿದ್ದ ನನ್ನ ತಂದೆಯವರಿಂದ ಒಂದು ಕಾರ್ಡು ಬಂತು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಂದಿಲ್ಲ. ಎಮ್ಮೆ ಕರು ಹಾಕಿದೆ. ನೀನು ಪರೀಕ್ಷೆಯ ಕೆಲಸ ಬಿಟ್ಟು ಬರುವ ಅಗತ್ಯವೇನೂ ಇಲ್ಲ. ಇಷ್ಟೇ. ನಾನು ಓದಿ, ಸಮಾಧಾನಪಟ್ಟು, ಕಾರ್ಡನ್ನು ಉತ್ತರಪತ್ರಿಕೆಗಳ ಕಟ್ಟಿನ ಕೆಳಗಿಟ್ಟೆ.

ಅಲಂಕಾರವೊಂದೂ ಇಲ್ಲದ ಗದ್ಯ. ಆದರೆ ನಮ್ಮ ತಂದೆ ಅದಕ್ಕೆ ಮೊದಲು ಬರೆದ ಯಾವ ಕಾರ್ಡಿನಲ್ಲೂ ನಾನು ಬರುವ ವಿಷಯವಾಗಲಿ ಬಾರದಿರುವ ವಿಷಯವಾಗಲಿ ಇರುತ್ತಿರಲಿಲ್ಲ. ಬೇಡವೆಂದು ಬರೆಯುವ ಮುನ್ನ ಮನಸ್ಸಿನಲ್ಲಿ ಬೇಕೆನಿಸಿರಬೇಕು. ಎಮ್ಮೆ ಕರು ಹಾಕಿದ ಸುದ್ದಿಯಾದ ಮೇಲೆ, ಕಡೆಯ ಸಾಲಿನಲ್ಲಿ, ಯಾವ ಹಿಂದುಮುಂದೂ ಇಲ್ಲದೆ ಆ ಮಾತು ಏಕೆ ಬಂತೆಂದು ಪಾಠ ಮಾಡುವ ನಾನು ಕೇಳಿಕೊಳ್ಳಬೇಕಾಗಿತ್ತು. ಪದ್ಯವಾಗಿದ್ದರೆ ಕೇಳಿಕೊಳ್ಳುತ್ತಿದ್ದೆನೋ ಏನೋ. ಹನ್ನೆರಡನೆಯ ದಿನ ತಂತಿ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆನೋವು ಒಂದು ತಿಂಗಳಿಂದ ಇತ್ತೆಂದು ಮನೆಯವರು ಹೇಳಿದರು.

ಬಾನುಲಿಯಲ್ಲಿ ಕಾಕುವಿನ ಮಾತನ್ನಾಡುವುದರಲ್ಲಿ ಒಂದು ಸೌಲಭ್ಯವಿದೆ. ನನ್ನ ದನಿ ತಮಗೆ ಕೇಳುತ್ತದೆ. ಮುಂದೆ ಇದು ಅಚ್ಚಾದರೆ ಓದುವವರಿಗೆ ಅದಿರುವುದಿಲ್ಲ. ಅವರು ತಮ್ಮದನ್ನೇ ಕೊಡಬೇಕು. ಗಮಕಿಗಳು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲರು. ಒಂದೇ ಪದ್ಯವನ್ನು ಎರಡು ಸಲ ಓದಿ, ಎರಡನೆಯ ಸಲ ಒಂದು ಪದದ ಮೇಲೆ ನಿಲ್ಲಿಸಿ, ಅರ್ಥವನ್ನು ಬೇರೆಯ ಕಡೆಗೆ ಹೊರಳಿಸುವ ಗಮಕಿಯ ಮುಂದೆ ಕುಳಿತವರಿಗೆ ನಾನು ಹೇಳುತ್ತಿರುವುದರಲ್ಲಿ ಹೊಸದೇನೂ ಇರಲಾರದು. ಕಾಲೇಜುಗಳಲ್ಲಿ ಕಾವ್ಯವನ್ನು ಗಟ್ಟಿಯಾಗಿ ಓದುವ ರೂಢಿ ಕಡಮೆಯಾದುದಕ್ಕೆ ನಮ್ಮಂಥವರೂ ಕಾರಣ. ಓದುವುದಕ್ಕೆ ಅಂಕವಿರಲಿಲ್ಲ.

ಈ ಭಾಷಣವನ್ನು ಬರೆಯಲು ಕುಳಿತಾಗ ಜನ್ನನ ಆ ಪದ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿದೆ. ಮೊದಲ ಸಲ ಹಳೆಯ ಅಭ್ಯಾಸದ ಬಲದಿಂದ ಕೊಂಕೇ ಬಂತು. ಎರಡನೆಯ ಸಲ ಕೊಂಕನ್ನು ತೆಗೆದು ಓದಿದೆ; ಪದ್ಯ ಸಪ್ಪೆಯಾಯಿತು. ರಾಜ ಕೊಂಕು ಆಡಿದ್ದಂತೂ ನಿಜ, ಅದನ್ನು ಅಳಿಸಿದರೆ ಆಮೇಲಿನ ದುಃಖಕ್ಕೆ ಬುಡವೇ ಇರುವುದಿಲ್ಲ. ಮೂರನೆಯ ಸಲ, ಕೊಂಕನ್ನು ಇಟ್ಟುಕೊಂಡೇ, ಅದನ್ನು ನೆನಪಿಸಿಕೊಳ್ಳುತ್ತಿರುವವನ ಹಾಗೆ, ಆ ಹುಡುಗಿ ಓದಿದಷ್ಟು ಮೆಲ್ಲಗೆ ಓದಲು ನೋಡಿದೆ. ಒಳಗಿನಿಂದ ಮೊಮ್ಮಗಳು ಬಂದು, ‘ತಾತ, ಯಾರಿಗೆ ಏನಾಯಿತು?’ ಎಂದಳು.